ಸಾಂಕ್ರಾಮಿಕದ ಕಾಲದಲ್ಲಿ ಬಸುರಿಯ ಮನಸ್ಸು: ಕೇಳಬೇಕಾದ್ದು, ಮಾಡಬೇಕಾದ್ದು

(ಕೋಲಾರದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ನರ್ಸ್‌ಗಳು ಹಾಗೂ ಬಸುರಿಯರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2020ರ ಮೇ ಆರಂಭದಲ್ಲಿ ಕೇಂದ್ರ ಸರ್ಕಾರ ಕೋವಿಡ್ ಹರಡುವಿಕೆ ನೋಡಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ನಮ್ಮ ಕೋಲಾರ ಹಸಿರು ಪಟ್ಟಿಯಲ್ಲಿತ್ತು. ಆದರೆ ಲಾಕ್‌ಡೌನ್ ಶುರುವಾದ ಮಾರ್ಚ್ 25ರಿಂದಲೇ ಬಸ್ಸಿಲ್ಲ, ಬಂಗಾರಪೇಟೆ, ಮಾಲೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ರೈಲಿಲ್ಲ, ಗಾರ್ಮೆಂಟ್ಸ್ ಬಾಗಿಲು ಹಾಕಿತ್ತು, ತೋಟದಲ್ಲಿದ್ದ ಟೊಮ್ಯಾಟೊ ಸಾಗಿಸುವುದೇ ಕಷ್ಟವಾಗಿತ್ತು. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಸೊಸೆಯಂದಿರಿಗೆ ತವರು ಇರುವುದು ಆಂಧ್ರದ ಮದನಪಲ್ಲಿ, ಪಲಮನೇರು, ಕುಪ್ಪಂ ಕಡೆ. ಸೀಮಂತ ಮುಗಿಸಿ ತವರಿಗೆ ಹೋಗಬೇಕಾದ ಹೊತ್ತಿಗೆ ರಾಜ್ಯದ ಗಡಿಯೇ ಮುಚ್ಚಿತ್ತು.

ಸಾಂಕ್ರಾಮಿಕ ಬಂದಾಗ ಬಸುರಿಯ ಮನಸ್ಸು ಕೆಡುವುದು ರೋಗದ ಭಯದಿಂದ ಎಂದು ನಾವು ಅಂದುಕೊಂಡುಬಿಡುತ್ತೇವೆ. ಭಯ ಇದ್ದೇ ಇರುತ್ತದೆ. ಆದರೆ ರೋಗ ಇನ್ನೂ ಬಾರದ ಊರಲ್ಲೂ ಅವಳ ಸುತ್ತಲಿನ ಆಸರೆಗಳು ಒಂದೊಂದಾಗಿ ಕಳಚಿದ್ದವು: ತಿಂಗಳ ತಪಾಸಣೆ, ತವರು, ಗಂಡನ ಸಂಬಳ, ಹೆರಿಗೆ ಕೋಣೆಯಲ್ಲಿ ಕೈ ಹಿಡಿಯುವ ಹೆಂಗಸು, ಬಾಣಂತನಕ್ಕೆ ಬರುವ ಅಮ್ಮ. ಮುಂದೊಂದು ಸಾಂಕ್ರಾಮಿಕ ಬಂದರೆ ನಮ್ಮ ಮೊದಲ ಕೆಲಸ, ಯಾವ ಮನೆಯಲ್ಲಿ ಯಾವ ಆಸರೆ ತಪ್ಪಿದೆ ಎಂದು ಗುರುತಿಸಿ ಅದಕ್ಕೊಂದು ಬದಲಿ ಕಟ್ಟಿಕೊಡುವುದು. ಎರಡನೆಯದು, ಹೋದಲ್ಲೆಲ್ಲ ಮನಸ್ಸಿನ ಬಗ್ಗೆ ಬಾಯಿಬಿಟ್ಟು ಕೇಳುವುದು.

ಸಾಂಕ್ರಾಮಿಕ ಇಲ್ಲದ ದಿನಗಳಲ್ಲೂ ಇದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ಬಸುರಿಯರಲ್ಲಿ ಸುಮಾರು ಶೇ. 10, ಬಾಣಂತಿಯರಲ್ಲಿ ಶೇ. 13ರಷ್ಟು ಜನರಿಗೆ ಮಾನಸಿಕ ಕಾಯಿಲೆ, ಮುಖ್ಯವಾಗಿ ಖಿನ್ನತೆ ಇರುತ್ತದೆ. ನಮ್ಮಂಥ ಅಭಿವೃದ್ಧಿಶೀಲ ದೇಶಗಳಲ್ಲಿ ಅದು ಶೇ. 15.6 ಮತ್ತು ಶೇ. 19.8. ಒಬ್ಬ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹದಿನೈದು ಬಸುರಿಯರಿದ್ದರೆ ಇಬ್ಬರಿಗೋ ಮೂವರಿಗೋ ಇದು ಇದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಅವರು "ನನಗೆ ಖಿನ್ನತೆ" ಎಂದು ಹೇಳಿಕೊಂಡು ಬರುವುದಿಲ್ಲ. ಎದೆ ಡವಡವ ಅಂತದೆ, ಕೈಕಾಲು ಸೋಲು, ಹೊಟ್ಟೆಗೆ ಸೇರ್ತಿಲ್ಲ, ಯಾಕೋ ಯಾರ ಹತ್ರಾನೂ ಮಾತು ಬೇಡ ಅನ್ಸುತ್ತೆ, ಹೀಗೆ ಹೇಳುತ್ತಾರೆ. ಸುಸ್ತು, ನಿದ್ದೆ ಹತ್ತದಿರುವುದು, ಊಟ ಸೇರದಿರುವುದು ಬಸುರಿನಲ್ಲೂ ಸಹಜ, ಖಿನ್ನತೆಯಲ್ಲೂ ಸಹಜ. ಹಾಗಾಗಿ "ಬಸುರಿ ಅಂದಮೇಲೆ ಇದೆಲ್ಲ ಇದ್ದದ್ದೇ" ಎಂದು ಮನೆಯವರೂ ಬಿಡುತ್ತಾರೆ, ನಾವೂ ಬಿಡುತ್ತೇವೆ. ವ್ಯತ್ಯಾಸ ತಿಳಿಯಲು ಇನ್ನೊಂದು ಕಡೆ ನೋಡಬೇಕು. ಮಗು ಒದ್ದಾಗ ಖುಷಿಯಾಗುತ್ತದೆಯೇ? ಇಷ್ಟದ ಬಸ್ಸಾರು ಮುದ್ದೆ ಮುಂದಿಟ್ಟರೂ ಮನಸ್ಸಾಗುವುದಿಲ್ಲವೇ? ಹಾಸಿಗೆ, ಬಿಡುವು, ಕತ್ತಲೆ ಎಲ್ಲ ಇದ್ದೂ ನಿದ್ದೆ ಬರುವುದಿಲ್ಲವೇ? ಎರಡು ವಾರ ಹೆಚ್ಚುಕಡಿಮೆ ದಿನವೂ ಹೀಗೇ ಇದ್ದು ಮನೆಕೆಲಸ, ಊಟ, ತಪಾಸಣೆಗೆ ಅಡ್ಡಿಯಾಗುತ್ತಿದ್ದರೆ ಅದನ್ನು ಕಾಯಿಲೆ ಎಂದೇ ತಿಳಿದು ನೋಡಬೇಕು.

ಕೇಳುವ ರೀತಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಸಾಮಾನ್ಯವಾಗಿ ಮನೆ ಬಾಗಿಲಲ್ಲಿ ನಿಂತು ತಾಯಿ ಕಾರ್ಡ್ ತೆರೆದು ಕೇಳುತ್ತೇವೆ: "ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಮಗು ಒದೀತಿದೆಯಾ, ಚೆನ್ನಾಗಿದೀಯ ತಾನೆ?" ಕೊನೆಯ ಪ್ರಶ್ನೆಗೆ "ಹೂಂ ಅಕ್ಕಾ" ಎನ್ನದೆ ಅವಳು ಬೇರೇನೂ ಹೇಳಲಾರಳು. ಅತ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ಉತ್ತರ ಪ್ರಶ್ನೆಯಲ್ಲೇ ಅಡಗಿದೆ.

ಹೀಗೆ ಮಾಡಿ. ತೂಕ ನೋಡುವ, ಬಿ.ಪಿ. ನೋಡುವ ನೆಪದಲ್ಲಿ ಅವಳನ್ನು ಒಬ್ಬಳನ್ನೇ ಕೂರಿಸಿ. ಅತ್ತೆಗೆ, "ಅಮ್ಮಾ, ಒಂದು ಲೋಟ ನೀರು ಕೊಡಿ" ಎಂದರೂ ಎರಡು ನಿಮಿಷ ಸಿಗುತ್ತದೆ. ಮೊದಲು, "ಈಗಿನ ಪರಿಸ್ಥಿತೀಲಿ ಎಷ್ಟೋ ಜನ ಬಸುರಿಯರಿಗೆ ಮನಸ್ಸಿಗೆ ಕಷ್ಟ ಆಗ್ತಿದೆ, ಅದಕ್ಕೆ ಎಲ್ಲರನ್ನೂ ಕೇಳ್ತಿದೀನಮ್ಮ" ಎನ್ನಿ. ಆಮೇಲೆ ಎರಡು ಪ್ರಶ್ನೆ. "ಹೋದ ಎರಡು ವಾರದಲ್ಲಿ, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅಂತ ಎಷ್ಟು ದಿನ ಅನ್ನಿಸಿತು?" "ಮನಸ್ಸು ಕುಗ್ಗಿದೆ, ಮುಂದೆ ದಾರಿಯೇ ಕಾಣ್ತಿಲ್ಲ ಅಂತ ಎಷ್ಟು ದಿನ ಅನ್ನಿಸಿತು?" ಒಂದೊಂದಕ್ಕೂ ನಾಲ್ಕು ಉತ್ತರ: ಇಲ್ಲವೇ ಇಲ್ಲ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನವೂ 3. ಎರಡೂ ಸೇರಿ 3 ಅಥವಾ ಹೆಚ್ಚಾದರೆ ಮುಂದಿನ ಹಂತಕ್ಕೆ ಕಳಿಸಬೇಕು. ಕೇಳಿದ ಮೇಲೆ ಸುಮ್ಮನಿರಿ. ಅವಳು ಸೆರಗಿನ ಅಂಚು ಸುತ್ತುತ್ತಾ ಕೂತರೂ ಹತ್ತೆಣಿಸುವವರೆಗೆ ನೀವು ಬಾಯಿ ಹಾಕಬೇಡಿ. ಆ ಮೌನದ ಆಚೆಗೇ ನಿಜವಾದ ಉತ್ತರ ಬರುತ್ತದೆ.

ಭಾಷೆಯ ಮಾತೂ ಇದೆ. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು, ಉರ್ದು, ತಮಿಳು ಆಡುವವರು ಬಹಳ. ಆಫೀಸಿನ ಕನ್ನಡಕ್ಕೆ ತಲೆಯಾಡಿಸಿ ಹೋಗುವವಳು ಮನೆ ಮಾತಿನಲ್ಲಿ ಕೇಳಿದರೆ ಅಳುತ್ತಾಳೆ. ಆ ಭಾಷೆ ಬರುವ ಸಹೋದ್ಯೋಗಿಯಿಂದ ಕೇಳಿಸಿ. ಗಂಡನನ್ನೋ ನಾದಿನಿಯನ್ನೋ ದುಭಾಷಿ ಮಾಡಿಕೊಳ್ಳಬೇಡಿ.

ಮುಂದಿನ ಹಂತದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಳಸಬಹುದಾದದ್ದು ಖಿನ್ನತೆ ಅಳೆಯಲು 1987ರಲ್ಲಿ ಬಂದ ಎಡಿನ್‌ಬರೋ ಮಾಪಕ. ಕನ್ನಡದಲ್ಲೂ ಇದೆ. ಹತ್ತು ಪ್ರಶ್ನೆ, ಹೋದ 7 ದಿನಗಳ ಬಗ್ಗೆ, ಒಟ್ಟು 30 ಅಂಕ. ಸುಸ್ತು, ಹಸಿವಿನಂಥ ದೇಹದ ಲಕ್ಷಣಗಳನ್ನು ಅದು ಕೇಳುವುದಿಲ್ಲ, ಅದಕ್ಕೇ ಬಸುರಿಯರಿಗೆ ಹೊಂದುತ್ತದೆ. 13 ಅಥವಾ ಹೆಚ್ಚು ಬಂದರೆ ವೈದ್ಯರ ಬಳಿ ಕಳಿಸಿ. 10ರಿಂದ 12 ಬಂದರೆ ಎರಡು ವಾರ ಬಿಟ್ಟು ಮತ್ತೆ ಕೇಳಿ. ಅಂಕ ಹಾಕುವಾಗ ಎಡವುವುದು ಒಂದೇ ಕಡೆ: 1, 2 ಮತ್ತು 4ನೇ ಪ್ರಶ್ನೆಗಳಿಗೆ ಮೇಲಿನ ಉತ್ತರಕ್ಕೆ 0, ಕೆಳಗಿನದಕ್ಕೆ 3; ಉಳಿದ ಏಳಕ್ಕೂ ಮೇಲಿನದಕ್ಕೆ 3, ಕೆಳಗಿನದಕ್ಕೆ 0. ಎಲ್ಲಕ್ಕೂ ಮೇಲಿನದಕ್ಕೆ 0 ಎಂದೇ ಎಣಿಸಿದರೆ ತೀರಾ ಕುಗ್ಗಿದವಳು ಆರೋಗ್ಯವಾಗಿದ್ದಂತೆ ಕಾಣುತ್ತಾಳೆ. 10ನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದರಲ್ಲಿ 0 ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡದೆ ಅವತ್ತೇ ವೈದ್ಯರಿಗೆ ತಿಳಿಸಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಅಂಜಿಕೆ ಬೇಡ. ಕೇಳಿದವರ ಮುಂದೆ ಹೇಳಿಕೊಂಡು ಹಗುರಾಗುವವರೇ ಹೆಚ್ಚು.

ಮನೆಗೆ ಹೋಗಲಾಗದ ದಿನಗಳಲ್ಲಿ ಫೋನೇ ಗತಿ. ಆದರೆ ನಮ್ಮ ಮನೆಗಳಲ್ಲಿ ಫೋನ್ ಗಂಡನದು, ಸ್ಪೀಕರ್ ಹಾಕಿಯೇ ಮಾತು. ಆದ್ದರಿಂದ ಮೊದಲ ಪ್ರಶ್ನೆ, "ಪಕ್ಕದಲ್ಲಿ ಯಾರಾದ್ರೂ ಇದಾರಾ?" ಇದ್ದರೆ ಹೌದು, ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ಮೊದಲ ಭೇಟಿಯಲ್ಲೇ ಒಂದು ಗುರುತಿನ ಮಾತು ಒಪ್ಪಿಕೊಂಡಿರಿ. "ಕ್ಯಾಲ್ಸಿಯಂ ಮಾತ್ರೆ ಮುಗಿದಿದೆ ಅಕ್ಕ" ಎಂದರೆ ಮನೆಯಲ್ಲಿ ತೊಂದರೆ ಇದೆ, ಯಾವುದಾದರೂ ನೆಪದಲ್ಲಿ ಬನ್ನಿ ಎಂದರ್ಥ. ಹೊಡೆತ ಬಡಿತದ ವಿಷಯ ವಾಟ್ಸ್ಆ್ಯಪ್‌ನಲ್ಲಿ ಎಂದೂ ಬರೆಯಬೇಡಿ, ಆ ಫೋನ್ ಇನ್ನೊಬ್ಬರ ಕೈಯಲ್ಲಿರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೌಟುಂಬಿಕ ಹಿಂಸೆಯ ದೂರುಗಳು ಹೆಚ್ಚಿದವು. ಕುಡಿತ, ಸಾಲ, ಕೆಲಸವಿಲ್ಲದ ಗಂಡ, ಒಂದೇ ಕೋಣೆ, ಹೊರಗೆ ಹೋಗಲು ಜಾಗವಿಲ್ಲ. ಹೊಟ್ಟೆಗೆ ಏಟು ಬಿದ್ದಿದ್ದರೆ, ರಕ್ತ ಹೋಗುತ್ತಿದ್ದರೆ ಮೊದಲು ಆಸ್ಪತ್ರೆ, 108. ಜೀವಕ್ಕೆ ಅಪಾಯವಿದ್ದರೆ 112. ಮಹಿಳಾ ಸಹಾಯವಾಣಿ 181. ಅವಳು ದೂರು ಬೇಡ ಎಂದರೆ ಒತ್ತಾಯ ಮಾಡಬೇಡಿ, ಆದರೆ ಭೇಟಿ ಹೆಚ್ಚಿಸಿ.

ದೇಹದ ಕಡೆಯೂ ನೋಡಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ ಎರಡೂ ಖಿನ್ನತೆಯನ್ನೇ ಹೋಲುವ ಮಂಕು ತರುತ್ತವೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲೇ ಚಿಕಿತ್ಸೆ. ನಾವು ಕೊಡುವ ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಬಸುರಿನಲ್ಲಿ 180 ದಿನ, ಹೆರಿಗೆಯ ಮೇಲೆ 180 ದಿನ. ಲಾಕ್‌ಡೌನ್‌ನಲ್ಲಿ ತಪಾಸಣೆ ತಪ್ಪಿದರೆ ಈ ಮಾತ್ರೆಯೂ ತಪ್ಪುತ್ತದೆ. ಮಲ ಕಪ್ಪಾಯಿತೆಂದು ಹೆದರಿ ಬಿಡುವವರಿದ್ದಾರೆ, ಅದು ಸಹಜ ಎಂದು ಮೊದಲೇ ಹೇಳಿಬಿಡಿ. ಕಾಫಿ, ಟೀ ಕುಡಿದ ಕೂಡಲೇ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಸಾಂಕ್ರಾಮಿಕ ಶುರುವಾದ ಸುಳಿವು ಸಿಕ್ಕ ಕೂಡಲೇ ಎರಡು ತಿಂಗಳ ಮಾತ್ರೆ ಒಟ್ಟಿಗೇ ಕೊಟ್ಟುಬಿಡುವುದು ಒಳ್ಳೆಯದು.

"ಮಗು ಹೇಗಿದೆಯೋ" ಎಂಬ ಆತಂಕಕ್ಕೆ ಧೈರ್ಯದ ಮಾತಿಗಿಂತ ಅವಳ ಕೈಗೊಂದು ಕೆಲಸ ಕೊಡುವುದು ಮೇಲು. 28 ವಾರ ದಾಟಿದವಳಿಗೆ ಊಟದ ನಂತರ ಎಡಮಗ್ಗುಲಿಗೆ ಮಲಗಿ ಮಗುವಿನ ಅಲುಗಾಟ ಎಣಿಸಲು ಹೇಳಿಕೊಡಿ. ಎರಡು ಗಂಟೆಯಲ್ಲಿ 10 ಅಲುಗಾಟ ಸಿಗದಿದ್ದರೆ ಆಸ್ಪತ್ರೆಗೆ ಹೊರಡಬೇಕು. ಸಿಕ್ಕರೆ ಪ್ರತಿ ಗಂಟೆಗೂ ಹೊಟ್ಟೆ ಮುಟ್ಟಿಕೊಂಡು ನೋಡುವ ಅಗತ್ಯ ಇರುವುದಿಲ್ಲ. ಜೊತೆಗೆ ಒಂದು ಚೀಟಿ: ನೋವು ಬಂದರೆ ಯಾವ ಆಸ್ಪತ್ರೆ, ಅದು ಕೋವಿಡ್ ಆಸ್ಪತ್ರೆಯಾಗಿ ಬದಲಾಗಿದ್ದರೆ ಎರಡನೆಯದು ಯಾವುದು, 108 ಸಿಗದಿದ್ದರೆ ಊರಲ್ಲಿ ಯಾರ ಕಾರು ಅಥವಾ ಟೆಂಪೊ, ರಕ್ತ ಕೊಡುವ ಇಬ್ಬರ ಹೆಸರು, ಮನೆಯಲ್ಲಿರುವ ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುವುದು. ಈ ಚೀಟಿ ತಾಯಿ ಕಾರ್ಡಿನೊಳಗೇ ಇರಲಿ, ಒಂಬತ್ತನೇ ತಿಂಗಳು ಹಿಡಿಯುವ ಮುನ್ನ ತುಂಬಿರಲಿ.

ಎದೆ ಬಡಿತ ಏರಿದಾಗ ಮಾಡಲು ಒಂದು ಉಸಿರಾಟ ಕಲಿಸಿ. ಗೋಡೆಗೆ ಒರಗಿ ಕೂತು ಮೂಗಿನಿಂದ ನಾಲ್ಕೆಣಿಸುತ್ತಾ ಒಳಗೆ, ಆರೆಣಿಸುತ್ತಾ ಹೊರಗೆ, 5 ನಿಮಿಷ, ದಿನಕ್ಕೆ ಎರಡು ಸಲ. ಉಸಿರು ಬಿಗಿಹಿಡಿಯಬಾರದು. ಗಾಬರಿಯಾದಾಗಲಷ್ಟೇ ಮಾಡಿದರೆ ಫಲಿಸುವುದಿಲ್ಲ, ನೆಮ್ಮದಿಯಾಗಿರುವಾಗ ರೂಢಿಯಾಗಿರಬೇಕು. ಟಿ.ವಿ. ಸುದ್ದಿ ದಿನಕ್ಕೆ ಒಂದು ಸಲ, ಮಲಗುವ ಮುಂಚೆ ಬೇಡ. ಇದು ಮನೆಮಂದಿಗೆಲ್ಲ ಅನ್ವಯ, ಏಕೆಂದರೆ ಅವಳೊಬ್ಬಳು ನೋಡದಿದ್ದರೂ ಪಕ್ಕದ ಕೋಣೆಯಿಂದ ಸಾವಿನ ಸಂಖ್ಯೆ ಕೇಳಿಸುತ್ತಲೇ ಇರುತ್ತದೆ.

ಇದಕ್ಕೆಲ್ಲ ಮನೋವೈದ್ಯರೇ ಬೇಕಲ್ಲ, ನಮ್ಮಿಂದ ಏನಾದೀತು ಎಂದು ಆಶಾ ಕಾರ್ಯಕರ್ತೆಯರು ಕೇಳುವುದುಂಟು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಖಿನ್ನತೆಯಿದ್ದ ಬಸುರಿಯರ ಮನೆಗೆ ನಿಮ್ಮಂಥ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಹೋದರು. ಬಸುರಿನ ಕೊನೆಯ ತಿಂಗಳು ನಾಲ್ಕು ಭೇಟಿ, ಹೆರಿಗೆಯಾದ ಮೊದಲ ತಿಂಗಳು ಮೂರು, ಆಮೇಲೆ ತಿಂಗಳಿಗೊಂದರಂತೆ ಒಂಬತ್ತು. ಮಗುವಿಗೆ ಆರು ತಿಂಗಳಾದಾಗ ನೋಡಿದರೆ ಈ ಭೇಟಿ ಪಡೆದವರಲ್ಲಿ ಶೇ. 23ರಷ್ಟು ಜನರಲ್ಲಿ ಖಿನ್ನತೆ ಉಳಿದಿತ್ತು. ಬರೀ ಸಾಮಾನ್ಯ ಭೇಟಿ ಪಡೆದವರಲ್ಲಿ ಶೇ. 53. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕೈಪಿಡಿಯಾಗಿ ತಂದಿತು, ನಮ್ಮ ಗೋವಾದಲ್ಲೂ ನೆರೆಹೊರೆಯ ಹೆಂಗಸರ ಮೂಲಕ ಪ್ರಯೋಗ ನಡೆಯಿತು.

ಅವರು ಮಾಡಿದ್ದು ಮೂರು ಹೆಜ್ಜೆ. ಕಾಡುವ ಯೋಚನೆಯನ್ನು ಗುರುತಿಸುವುದು, ಅದರ ಜಾಗದಲ್ಲಿ ಕೆಲಸಕ್ಕೆ ಬರುವ ಯೋಚನೆ ಇಡುವುದು, ಮುಂದಿನ ಭೇಟಿಯೊಳಗೆ ಅದನ್ನು ಮಾಡಿ ನೋಡುವುದು. "ನನ್ನಿಂದಲೇ ಮಗುವಿಗೆ ಏನಾದರೂ ಆಗುತ್ತೆ" ಎನ್ನುವವಳ ಹತ್ತಿರ ವಾದಕ್ಕಿಳಿಯಬೇಡಿ. "ಮಗು ಚೆನ್ನಾಗಿರಲಿ ಅಂತ ಇವತ್ತು ನೀನು ಏನೇನು ಮಾಡಿದೆ ಹೇಳಮ್ಮ" ಎಂದು ಕೇಳಿ, ಅವಳ ಬಾಯಲ್ಲೇ ಎಣಿಸಿ: ಮಾತ್ರೆ ನುಂಗಿದೆ, ಸೊಪ್ಪು ತಿಂದೆ, ಕೈ ತೊಳೆದೆ. ನಾಳೆಗೆ ಇನ್ನೊಂದು ಸಣ್ಣ ಕೆಲಸ ಸೇರಿಸಿ, ಸಂಜೆ ಹತ್ತು ನಿಮಿಷ ಅಂಗಳದಲ್ಲಿ ನಡೆಯುವುದೋ, ತವರಿಗೆ ವಿಡಿಯೊ ಕಾಲ್ ಮಾಡುವುದೋ. ಒಂದೇ ಸಲ ಐದು ಕೆಲಸ ಹೇಳಿದರೆ ಒಂದೂ ಆಗದೆ "ನಾನು ಯಾವುದಕ್ಕೂ ಬಾರದವಳು" ಎಂಬ ಭಾವ ಇನ್ನೂ ಗಟ್ಟಿಯಾಗುತ್ತದೆ.

ಈಗ ಹೆರಿಗೆಯ ನಂತರ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ನೀವು 3, 7, 14, 21, 28, 42ನೇ ದಿನ ಹೋಗುತ್ತೀರಿ. ಇದೇ ದಿನಗಳನ್ನು ಮನಸ್ಸಿಗೂ ಬಳಸಿಕೊಳ್ಳಿ. ಮೂರರಿಂದ ಐದನೇ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು, ಕಿರಿಕಿರಿ ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಬಂದು ಹೋಗುತ್ತದೆ. ಅದಕ್ಕೆ ಔಷಧ ಬೇಡ, ನಿದ್ದೆ ಮತ್ತು ಜೊತೆಗಾರರು ಸಾಕು. 14ನೇ ದಿನದ ಭೇಟಿಯಲ್ಲೂ ಅದೇ ಅಳು ಇದ್ದರೆ ಖಿನ್ನತೆ ಎಂದು ಭಾವಿಸಿ ಕಳಿಸಿ. ನನ್ನ ಪ್ರಕಾರ ಆರು ಭೇಟಿಗಳಲ್ಲಿ ಯಾವುದು ತಪ್ಪಿದರೂ 14ನೆಯದು ತಪ್ಪಬಾರದು.

ಕಾಯಲೇಬಾರದ್ದು ಊರಲ್ಲಿ ಬಾಣಂತಿ ಸನ್ನಿ ಎನ್ನುವ ಕಾಯಿಲೆ. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ, ಬಹುಮಟ್ಟಿಗೆ ಮೊದಲ ಎರಡು ವಾರದೊಳಗೆ. ಎರಡು ರಾತ್ರಿ ನಿದ್ದೆಯೇ ಇಲ್ಲ, ಆದರೂ ದಣಿವಿಲ್ಲ; ಮಾತು ತಾಳತಪ್ಪಿದೆ; ಮನೆಯವರ ಮೇಲೆ ಸಂಶಯ; "ಇದು ನನ್ನ ಮಗುವಲ್ಲ" ಎನ್ನುತ್ತಾಳೆ. ಒಂದು ಗಂಟೆ ಸರಿಯಿದ್ದು ಮತ್ತೆ ಕೆಡುವುದರಿಂದ ಮನೆಯವರು ಗಾಳಿ ಸೋಕಿದೆ ಎಂದು ಮೂರು ದಿನ ಕಳೆದುಬಿಡುತ್ತಾರೆ. ಅವಳನ್ನು ಮಗುವಿನ ಜೊತೆ ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಸೇರಿಸಬೇಕು. ತಾಯತ ಕಟ್ಟುವುದಾದರೆ ಕಟ್ಟಿಕೊಂಡೇ ಬರಲಿ, ತಡ ಮಾತ್ರ ಆಗಬಾರದು. ವಿಪರೀತ ತಲೆನೋವು, ಫಿಟ್ಸ್, ಒಂದು ಕಡೆ ಕೈಕಾಲು ಸೋಲು ಇದ್ದರೆ ಅದು ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ಬಾಣಂತಿಗೆ ನೀರು ಕೊಡಬಾರದು ಎನ್ನುವ ಪಥ್ಯ ಈ ಅಪಾಯವನ್ನು ಹೆಚ್ಚಿಸುತ್ತದೆ. ಸಾಂಬ್ರಾಣಿ, ಕಿವಿಗೆ ಹತ್ತಿ, ಬಿಸಿನೀರ ಸ್ನಾನ ಇರಲಿ, ಕುಡಿಯುವ ನೀರು ಮಾತ್ರ ತಡೆಯಬೇಡಿ.

ಕೋವಿಡ್ ಸೋಂಕು ತಗುಲಿದ ತಾಯಿಯಿಂದ ಮಗುವನ್ನು ಬೇರೆ ಮಾಡಬೇಕೆಂದು ಆಗ ಬಹಳ ಕಡೆ ನಂಬಿದ್ದರು. ಮಾಸ್ಕ್ ಹಾಕಿ, ಸೋಪಿನಿಂದ 20 ಸೆಕೆಂಡ್ ಕೈ ತೊಳೆದು, ಪಕ್ಕದಲ್ಲೇ ಮಲಗಿಸಿಕೊಂಡು ಎದೆಹಾಲು ಕೊಡಬಹುದು ಎಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿತ್ತು. ತೀರಾ ನಿತ್ರಾಣವಾಗಿದ್ದರೆ ಹಾಲು ಹಿಂಡಿ ಬೇರೆಯವರು ಕುಡಿಸಬಹುದು. ತಂಪಾದ ಜಾಗದಲ್ಲಿ ಅದು 4 ಗಂಟೆ ಇರುತ್ತದೆ. ಹೀಗೆ ಒಂದು ಹೊತ್ತಿನ ಹಾಲು ಬೇರೆಯವರು ಕೊಟ್ಟರೆ ತಾಯಿಗೆ ರಾತ್ರಿ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಗುತ್ತದೆ. ತವರಿನವರು ಬರಲಾಗದ ಮನೆಯಲ್ಲಿ ಈ ಕೆಲಸ ಗಂಡನದು. ಅವನಿಗೆ "ಹೆಂಡತಿಗೆ ಸಹಾಯ ಮಾಡಪ್ಪ" ಎಂದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ರಾತ್ರಿ ಹತ್ತರಿಂದ ಎರಡರವರೆಗೆ ಮಗು ನಿನ್ನ ಪಾಲು, ಬಟ್ಟೆ ನಿನ್ನ ಪಾಲು ಎಂದು ಬಿಡಿಸಿ ಹೇಳಿ.

ಮಗು ಉಳಿಯದ ಮನೆಯ ವಿಷಯ ಹೇಳಲೇಬೇಕು. ನಿಮ್ಮ ಆರು ಭೇಟಿಗಳೂ ಇರುವುದು ಮುಖ್ಯವಾಗಿ ಮಗುವನ್ನು ನೋಡುವುದಕ್ಕೆಂದು. ಮಗುವೇ ಇಲ್ಲದಿದ್ದರೆ ಆ ತಾಯಿ ಪಟ್ಟಿಯಿಂದಲೇ ಬಿಟ್ಟುಹೋಗುತ್ತಾಳೆ. ಸಾಂಕ್ರಾಮಿಕದಲ್ಲಿ ನೆಂಟರೂ ಬರುವುದಿಲ್ಲ. ಎರಡು ಮೂರು ದಿನಕ್ಕೆ ಎದೆ ಹಾಲು ತುಂಬಿ ಕಟ್ಟುತ್ತದೆ, ಅದರ ಬಗ್ಗೆ ಯಾರೂ ಮುಂಚೆ ಹೇಳಿರುವುದಿಲ್ಲ. ಚೆನ್ನಾಗಿ ಆಸರೆ ಕೊಡುವ ಒಳ ಉಡುಪು, ತಣ್ಣೀರ ಬಟ್ಟೆ, ನೋವು ತಡೆಯದಷ್ಟಾದರೆ ಸ್ವಲ್ಪವೇ ಹಿಂಡುವುದು, ಪೂರ್ತಿ ಖಾಲಿ ಮಾಡಬಾರದು. ಮಾಡಿದರೆ ಮತ್ತೆ ತುಂಬುತ್ತದೆ. ಜ್ವರ ಬಂದು ಎದೆ ಕೆಂಪಾದರೆ ಆಸ್ಪತ್ರೆ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರಿಟ್ಟೇ ಮಾತಾಡಿ. "ಇನ್ನೊಂದು ಆಗುತ್ತೆ ಬಿಡಮ್ಮ" ಎಂಬ ಮಾತು ಬೇಡ. ಅದೇ ಆರು ದಿನ ಅವಳ ಮನೆಗೂ ಹೋಗಿ.

ಮೊದಲೇ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವಳು ಬಸುರಾದ ಕೂಡಲೇ ಮನೆಯವರು ನಿಲ್ಲಿಸಿಬಿಡುತ್ತಾರೆ. ಹಠಾತ್ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ವಾಲ್ಪ್ರೋಯೇಟ್‌ನಂಥ ಕೆಲವು ಔಷಧ ಮಗುವಿನ ಬೆನ್ನುಹುರಿಗೆ ತೊಂದರೆ ಮಾಡುತ್ತವೆ, ಅವನ್ನು ವೈದ್ಯರು ಬದಲಿಸಬೇಕು. ಬಸುರಿನಲ್ಲೂ ಹಾಲೂಡಿಸುವಾಗಲೂ ಕೊಡುವ ಔಷಧಗಳಿವೆ. ಹಾಗೆಯೇ ಲಸಿಕೆ. 2021ರ ಜುಲೈ 2ರಂದು ಬಸುರಿಯರಿಗೆ ಕೋವಿಡ್ ಲಸಿಕೆಗೆ ಒಪ್ಪಿಗೆ ಸಿಕ್ಕಿತು. ಹಾಕಿಸಿದರೂ, ಬಿಟ್ಟರೂ ತಪ್ಪು ತನ್ನದೇ ಎಂದು ಕೊರಗಿದವರಿದ್ದರು. ಇಂಥ ನಿರ್ಧಾರವನ್ನು ಗಂಡ, ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿ ಒಟ್ಟಿಗೆ ತೆಗೆದುಕೊಳ್ಳಿಸಿ, ಆ ಹೊರೆ ಅವಳೊಬ್ಬಳದಾಗದಿರಲಿ.

ತೋಟವಿರುವ ಮನೆಗಳಲ್ಲಿ ಔಷಧಿ ಡಬ್ಬಿ, ಅಂದರೆ ಕೀಟನಾಶಕ, ಅಡುಗೆಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಇರುತ್ತದೆ. ಮನಸ್ಸು ಕುಗ್ಗಿದ ಹೆಂಗಸು ಇರುವ ಮನೆಯಲ್ಲಿ ಅದು ಬೀಗದ ಪೆಟ್ಟಿಗೆಯಲ್ಲಿರಬೇಕು, ಬೀಗದ ಕೈ ಬೇರೆಯವರ ಹತ್ತಿರ, ಆದಷ್ಟೂ ಮನೆಯಿಂದ ಹೊರಗೆ. ದುಡುಕಿನ ಗಳಿಗೆ ಹೆಚ್ಚು ಹೊತ್ತು ಇರುವುದಿಲ್ಲ, ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಸಾಯುವ ಮಾತಾಡಿದವಳನ್ನು ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕಳಿಸುವುದು ಎಲ್ಲಿಗೆ? 14416, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಆ ವಾರ ಬರುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದಲ್ಲಿ ಜಾಲಪ್ಪ ಆಸ್ಪತ್ರೆ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡ್ 2009ರಿಂದ ಇದೆ. ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಹೆದರಿ ಚಿಕಿತ್ಸೆಗೆ ಬಾರದವರಿಗೆ ಇದನ್ನೂ ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಪ್ರಕಾರ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ತಾಯಿಯ ಕಾಯಿಲೆಯಿಂದ ಮಗುವಿಗೆ ಅಪಾಯ ಎಂದೋ, ಮಗುವಿನ ಹಿತ, ಸುರಕ್ಷತೆಗೆ ಅಗತ್ಯ ಎಂದೋ ಮನೋವೈದ್ಯರಿಗೆ ಅನ್ನಿಸಿದರೆ ಮಾತ್ರ ತಾತ್ಕಾಲಿಕವಾಗಿ ಬೇರೆ ಇಡಬಹುದು. ಹೊರಡುವಾಗ ತಾಯಿ ಕಾರ್ಡ್, ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಮಗುವಿಗೆ ಎರಡು ಜೊತೆ ಬಟ್ಟೆ, ರಾತ್ರಿ ಜೊತೆಗಿರಲು ಒಬ್ಬ ಹೆಂಗಸು ಇರಲಿ, ಮತ್ತು ವಾಪಸು ಬಂದ ಮೂರನೇ ದಿನ ನೀವು ಅವಳ ಮನೆಗೆ ಹೋಗಿ ಮಾತ್ರೆ ಎಷ್ಟು ಉಳಿದಿದೆ ಎಂದು ಎಣಿಸಿ ನೋಡಿ.